ಪೇಟಿ ಮಾಸ್ತರ ಉತ್ತರ: ದುರ್ಗದ ಕಥೆಯಲ್ಲಿ ಹಾಡು ಎಲ್ಲಿದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಹೆಸರಾದ ಕಾದಂಬರಿಯನ್ನು ಹಾಡು, ಕುಣಿತ, ದೊಡ್ಡ ಸೀನರಿಯ ನಾಟಕ ಮಾಡುವುದು ಹೇಗೆ? ಕಂಪನಿ ನಾಟಕದಲ್ಲಿ ಕಾಲುಪೇಟಿ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ನುಡಿಸಿಕೊಂಡು ಬಂದ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಬೇರೆ ಪ್ರಶ್ನೆಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ಮಾಸ್ತರೇ, ನಾವು ಕೆಲವು ಶಿಕ್ಷಕರು, ಕಾಲೇಜು ಹುಡುಗರು ಸೇರಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಸಂಗೀತ ನಾಟಕವಾಗಿ ಆಡಬೇಕೆಂದಿದ್ದೇವೆ. ಕೋಟೆಯ ಹತ್ತಿರದ ಬಯಲು, ಅರವತ್ತು ಕಲಾವಿದರು, ಕುದುರೆ, ಹಿಂದೆ ದೊಡ್ಡ ಎಲ್‌ಇಡಿ ಪರದೆ. ಆದರೆ ಬರೆಯಲು ಕೂತರೆ ಐದು ಗಂಟೆಯ ನಾಟಕವಾಗುತ್ತಿದೆ. ಯಾವುದನ್ನು ಬಿಡಬೇಕು?
— ಒಬ್ಬ ಶಿಕ್ಷಕಿ, ಚಿತ್ರದುರ್ಗ

ಉತ್ತರ: ತಂಗೀ, ಬಿಡುವುದು ಯಾವುದು ಅಂತ ಹುಡುಕಲು ಹೋಗಬೇಡಿ. ಹಾಗೆ ಹೊರಟರೆ ಒಂದು ಸಾಲನ್ನೂ ಬಿಡಲು ಮನಸ್ಸು ಬರುವುದಿಲ್ಲ. ಹಾಡು ಎಲ್ಲಿದೆ ಅಂತ ಹುಡುಕಿ. ಪುಸ್ತಕ ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಎಲ್ಲಿ ಪಾತ್ರಕ್ಕೆ ಬರೀ ಮಾತು ಸಾಲುವುದಿಲ್ಲ ಅನ್ನಿಸುತ್ತದೋ ಅಲ್ಲಿ ಗುರುತು ಹಾಕಿ. ಓದಿ ಮುಗಿಸಿದ ಮೇಲೆ ಹದಿನೈದೋ ಇಪ್ಪತ್ತೋ ಗುರುತು ಉಳಿದಿರುತ್ತವೆ. ನಿಮ್ಮ ನಾಟಕ ಅಷ್ಟೇ. ನಡುವಿನ ಕಥೆಯನ್ನು ಒಂದು ಡಂಗುರ, ಓಲೆಕಾರ ತಂದ ಒಂದು ಸುದ್ದಿ, ಬಾವಿಕಟ್ಟೆಯ ಹೆಂಗಸರ ನಾಲ್ಕು ಮಾತು ದಾಟಿಸುತ್ತವೆ.

ಕಾದಂಬರಿಗೆ ಅನ್ಯಾಯ ಆಗುತ್ತದೆ ಅಂತ ಹೆದರಬೇಡಿ. ವಿಕ್ಟರ್ ಹ್ಯೂಗೋ ಬರೆದ ‘ಲೆ ಮಿಸರಾಬ್ಲ್’ 1862ರ ಕಾದಂಬರಿ. ವಾಟರ್ಲೂ ಯುದ್ಧಕ್ಕೇ ಅದರಲ್ಲಿ ಒಂದು ಭಾಗ ಮೀಸಲು. ಅದು 1980ರಲ್ಲಿ ಪ್ಯಾರಿಸ್‌ನಲ್ಲಿ, 1985ರಲ್ಲಿ ಲಂಡನ್‌ನಲ್ಲಿ ಸಂಗೀತ ನಾಟಕವಾಗಿ ರಂಗಕ್ಕೆ ಬಂದಾಗ ಆ ಯುದ್ಧವನ್ನು ಪೂರ್ತಿ ಕೈಬಿಟ್ಟರು. ರೊಟ್ಟಿ ಕದ್ದು ಜೈಲು ಕಂಡ ವಾಲ್ಜಾನ್, ಅವನ ಬೆನ್ನು ಬಿಡದ ಪೊಲೀಸ್ ಅಧಿಕಾರಿ ಜಾವೆರ್, ಮಗಳಿಗಾಗಿ ಸವೆದುಹೋಗುವ ತಾಯಿ, ಬೀದಿಯಲ್ಲಿ ಅಡ್ಡಗಟ್ಟೆ ಕಟ್ಟುವ ಹುಡುಗರು ಉಳಿದರು. ಲಂಡನ್‌ನಲ್ಲಿ ಆ ನಾಟಕ ಇವತ್ತಿಗೂ ನಡೆಯುತ್ತಿದೆ.

ಅದರಲ್ಲಿ ನಾನು ಮತ್ತೆ ಮತ್ತೆ ಕೇಳುವ ಒಂದು ಕೆಲಸ ಇದೆ. ಕದ್ದು ಸಿಕ್ಕಿಬಿದ್ದ ವಾಲ್ಜಾನ್‌ನನ್ನು ಪಾದ್ರಿ ಕ್ಷಮಿಸಿದಾಗ, ಅವನು ಬದುಕು ಬದಲಾಯಿಸಿಕೊಳ್ಳುತ್ತೇನೆ ಅಂತ ಹಾಡುತ್ತಾನೆ. ಕೊನೆಗೆ ಜಾವೆರ್‌ನನ್ನು ವಾಲ್ಜಾನ್ ಕೊಲ್ಲದೆ ಬಿಟ್ಟಾಗ, ಜಾವೆರ್ ಸಾಯುವ ಮುಂಚೆ ಹಾಡುತ್ತಾನೆ. ಎರಡಕ್ಕೂ ಒಂದೇ ಮಟ್ಟು! ಕ್ಷಮೆ ಒಬ್ಬನನ್ನು ಉಳಿಸಿತು, ಇನ್ನೊಬ್ಬನಿಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ. ಇದನ್ನು ಯಾರೂ ಮಾತಿನಲ್ಲಿ ಹೇಳುವುದಿಲ್ಲ. ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಕಾದಂಬರಿಕಾರ ಪುಟಗಟ್ಟಲೆ ಬರೆದು ಮುಟ್ಟಿಸುವುದನ್ನು ಮಟ್ಟು ಅರೆಗಳಿಗೆಯಲ್ಲಿ ಮುಟ್ಟಿಸುತ್ತದೆ.

ಈ ವಿದ್ಯೆ ನಮಗೆ ಹೊಸದಲ್ಲ. ಮರಾಠಿ ರಂಗಗೀತೆಯ ಮಟ್ಟಿಗೆ, ಹಿಂದಿ ಸಿನಿಮಾದ ಮಟ್ಟಿಗೆ ಕನ್ನಡ ಪದ ಕೂರಿಸುವುದು ಕಂಪನಿಗಳಲ್ಲಿ ದಿನದ ಕೆಲಸವಾಗಿತ್ತು. ನೀವು ಅದನ್ನೇ ಕಥೆಗಾಗಿ ಬಳಸಿ. ನಿಮ್ಮ ಕಾದಂಬರಿಯ ನಾಯಕ, ದುರ್ಗದ ಕೊನೆಯ ಪಾಳೆಯಗಾರ ಮದಕರಿ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದವನು. ಪಟ್ಟದ ದಿನ ಆರತಿ ಎತ್ತುವ ಹೆಂಗಸರ ಬಾಯಲ್ಲಿ ಒಂದು ಸೋಬಾನೆ ಇರಲಿ. 1779ರಲ್ಲಿ ಹೈದರಾಲಿಗೆ ಕೋಟೆ ಸೋತು, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವಾಗ ಅದೇ ಸೋಬಾನೆ ಮತ್ತೆ ಬರಲಿ. ತಾಳ ಬೇಡ, ಮೇಳ ಬೇಡ, ಒಬ್ಬ ಮುದುಕಿಯ ದನಿ ಸಾಕು. ಅಲ್ಲಿಗೆ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ವಾದ್ಯ ಎಲ್ಲಿಂದ ತರೋದು ಅಂತ ಬೆಂಗಳೂರಿನ ಕಡೆ ನೋಡಬೇಡಿ. ನಿಮ್ಮ ಜಿಲ್ಲೆಯಲ್ಲೇ ಉರುಮೆ ವಾದ್ಯ ಇದೆ, ಕಹಳೆ ಇದೆ, ಕಾಡುಗೊಲ್ಲರು ಊದುವ ಬಿದಿರ ಗಣೆ ಇದೆ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದುಬರಹ ಇಲ್ಲದೆಯೇ ಸಾವಿರಾರು ಜನಪದ ಹಾಡುಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದರು. ಹಟ್ಟಿಗಳಲ್ಲಿ ಆ ಧಾಟಿಯಲ್ಲಿ ಹಾಡುವವರು ಈಗಲೂ ಸಿಗುತ್ತಾರೆ. ಅವರನ್ನು ಉದ್ಘಾಟನೆಯ ದಿನ ಶಾಲು ಹೊದಿಸಿ ಕಳಿಸಬೇಡಿ. ತಾಲೀಮಿಗೆ ಕರೆಯಿರಿ, ಸಂಭಾವನೆ ಕೊಡಿ, ಮೇಳದಲ್ಲಿ ಕೂರಿಸಿಕೊಳ್ಳಿ.

ಇನ್ನು ಓಬವ್ವ. ಜನ ಕಾಯುವುದೇ ಅವಳಿಗಾಗಿ. ‘ನಾಗರಹಾವು’ ಸಿನಿಮಾದ ಓಬವ್ವ 1972ರಿಂದ ಎಲ್ಲರ ಕಣ್ಣಲ್ಲಿ ಕೂತಿದ್ದಾಳೆ. ಅಲ್ಲಿ ಹಾಡು ಇದೆ. ನೀವು ಆ ಜಾಗದಲ್ಲಿ ಹಾಡು ಇಡಬೇಡಿ ಅಂತ ನನ್ನ ಸಲಹೆ. ನೀರು ತರಲು ಬಂದವಳು ಕಿಂಡಿಯ ಆಚೆ ಪಿಸುಮಾತು ಕೇಳುತ್ತಾಳೆ. ಕೊಡ ಇಳಿಸುತ್ತಾಳೆ. ಒನಕೆ ಎತ್ತುತ್ತಾಳೆ. ಪೇಟಿ ನಿಲ್ಲಲಿ, ತಬಲಾ ನಿಲ್ಲಲಿ. ಮರದ ದಿಮ್ಮಿಯ ಮೇಲೆ ಒನಕೆ ಬೀಳುವ ಸದ್ದು ಮಾತ್ರ ಇರಲಿ, ಒಂದೇ ಲಯದಲ್ಲಿ, ಭತ್ತ ಕುಟ್ಟುವ ಲಯದಲ್ಲಿ. ಎರಡು ಗಂಟೆ ಹಾಡು ಕೇಳಿದ ಕಿವಿಗೆ ಆ ಸದ್ದು ಎಷ್ಟು ಗಟ್ಟಿಯಾಗಿ ಕೇಳುತ್ತದೆ ಅಂತ ನೀವೇ ಒಮ್ಮೆ ತಾಲೀಮಿನಲ್ಲಿ ನೋಡಿ.

ಎಲ್‌ಇಡಿ ಪರದೆ ಬೇಡ. ಅದರ ಬೆಳಕು ನಟರ ಮುಖವನ್ನು ತಿಂದುಹಾಕುತ್ತದೆ. ಹಿಂದೆ ನಿಜವಾದ ದುರ್ಗದ ಬಂಡೆಗಳೇ ಇರುವಾಗ ಬಂಡೆಯ ಫೋಟೊ ಯಾಕೆ? ಆ ದುಡ್ಡನ್ನು ಲೈಟಿಗೆ ಹಾಕಿ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹತ್ತಿರದಲ್ಲಿ ಏನು ಮಾಡುವುದಿದ್ದರೂ ಮೊದಲೇ ಅನುಮತಿ ಕೇಳಿ. ದುರ್ಗದ ಗಾಳಿಯನ್ನು ಮರೆಯಬೇಡಿ. ಜೋಗಿಮಟ್ಟಿಯ ಕಡೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿಲ್ಲ. ಮೈಕಿಗೆ ಗಾಳಿ ಹೊಡೆದರೆ ಸಾಹಿತ್ಯ ಒಂದಕ್ಷರ ಕೇಳುವುದಿಲ್ಲ, ಪರದೆ ಹಾಯಿಯಂತೆ ಉಬ್ಬುತ್ತದೆ. ಮೊದಲ ಪ್ರಯೋಗಗಳನ್ನು ಊರಿನ ತ.ರಾ.ಸು. ರಂಗಮಂದಿರದಲ್ಲಿ ಮಾಡಿ, ಕೈ ಕುದುರಿದ ಮೇಲೆ ಬಯಲಿಗೆ ಹೋಗಿ.

ಕೊನೆಗೆ ಒಂದು ಕಂಪನಿ ಗುಟ್ಟು. ದರ್ಬಾರ್ ಸೀನ್ ಕಟ್ಟಲು ಹೊತ್ತು ಬೇಕು. ಪ್ರೇಕ್ಷಕರನ್ನು ಕತ್ತಲಲ್ಲಿ ಕೂರಿಸಬಾರದು. ಅದಕ್ಕೆ ನಮ್ಮಲ್ಲಿ ಮುಂದೆ ರಸ್ತೆ ಪರದೆ, ಅಂದರೆ ಬೀದಿಯ ಚಿತ್ರ ಬರೆದ ಪರದೆ, ಇಳಿಸಿ ಒಂದು ಹಾಸ್ಯ ಸೀನ್ ನಡೆಸುತ್ತಿದ್ದರು. ಹಿಂದೆ ಸದ್ದಿಲ್ಲದೆ ಸಿಂಹಾಸನ, ಕಂಬ ಬಂದು ನಿಲ್ಲುತ್ತಿದ್ದವು. ನಗು ಜೋರಾದಾಗಲೇ ಹಿಂದಿನವರು ಮೊಳೆ ಹೊಡೆಯುತ್ತಿದ್ದರು! ನಿಮ್ಮ ಡಂಗುರದವನನ್ನೂ ಬಾವಿಕಟ್ಟೆಯ ಹೆಂಗಸರನ್ನೂ ಆ ರಸ್ತೆ ಪರದೆಯ ಮುಂದೆ ತನ್ನಿ. ಕಥೆಯೂ ದಾಟುತ್ತದೆ, ಸೀನೂ ಬದಲಾಗುತ್ತದೆ.

ಪ್ರಶ್ನೆ: ನಾವು ಇರುವುದೇ ಹತ್ತು ಜನ, ದುಡ್ಡೂ ಇಲ್ಲ. ದೊಡ್ಡ ಕಾದಂಬರಿಯ ಆಸೆ ಬಿಡಬೇಕೇ?
— ಕಾಲೇಜು ವಿದ್ಯಾರ್ಥಿ, ಹಿರಿಯೂರು

ಉತ್ತರ: ಬಿಡಬೇಡ ತಮ್ಮಾ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಎಷ್ಟು ದಪ್ಪ ಅಂತ ಗೊತ್ತಲ್ವಾ? ಅಮೆರಿಕದ ಡೇವ್ ಮಲ್ಲಾಯ್ ಅದರಿಂದ ಸುಮಾರು 70 ಪುಟದ ಒಂದು ತುಣುಕನ್ನು ಮಾತ್ರ ತೆಗೆದುಕೊಂಡು 2012ರಲ್ಲಿ ಸಂಗೀತ ನಾಟಕ ಮಾಡಿದರು. ಮೊದಲು ಆಡಿದ್ದು ಚಿಕ್ಕ ಜಾಗದಲ್ಲೇ. ಆಮೇಲೆ ನ್ಯೂಯಾರ್ಕಿನ ದೊಡ್ಡ ಥಿಯೇಟರುಗಳ ಜಾಗ ಬ್ರಾಡ್‌ವೇಗೆ ಹೋಯಿತು.

ನಿನಗೆ ಇನ್ನೊಂದು ಹೇಳುತ್ತೇನೆ. ತ.ರಾ.ಸು. ಅವರದೇ ‘ಹಂಸಗೀತೆ’ ಓದು. 1952ರ ಪುಸ್ತಕ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಟಿಪ್ಪುವಿನ ಮುಂದೆ ಹಾಡಲು ಒಪ್ಪದೆ ನಾಲಿಗೆಯನ್ನೇ ಕತ್ತರಿಸಿಕೊಂಡವನು. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’, 1975ರ ಜಿ.ವಿ. ಅಯ್ಯರ್ ಅವರ ಕನ್ನಡ ಚಿತ್ರ ಎರಡೂ ಅದರಿಂದಲೇ ಬಂದವು. ಈ ಕಥೆಗೆ ಕೋಟೆ ಬೇಡ, ಕುದುರೆ ಬೇಡ. ಒಳ್ಳೆ ಕಂಠ ಇರುವ ಒಬ್ಬ ಹುಡುಗ, ಒಂದು ತಂಬೂರಿ, ಭೈರವಿ ರಾಗ ಬಲ್ಲ ಒಬ್ಬ ಗುರು ಸಿಕ್ಕರೆ ಸಾಕು. ನಾಲಿಗೆ ಹೋದ ಮೇಲೆ ನಾಟಕ ಮುಗಿಯುವವರೆಗೂ ರಂಗದ ಮೇಲೆ ಯಾರೂ ಹಾಡಬಾರದು. ತಂಬೂರಿ ಮಾತ್ರ ಮಿಡಿಯುತ್ತಿರಲಿ. ಇದನ್ನು ಯಾರಾದರೂ ಆಡಿದರೆ ನಾನು ದಾವಣಗೆರೆಯಿಂದ ಬಸ್ ಹತ್ತಿ ಬರುತ್ತೇನೆ.

ಪ್ರಶ್ನೆ: ಖರ್ಚು ಜಾಸ್ತಿ ಮಾಡಿದರೆ ಜನ ಬಂದೇ ಬರುತ್ತಾರೆ ಅಂತ ನಮ್ಮ ಸಂಘದವರ ವಾದ. ನಿಜವೇ?
— ವ್ಯಾಪಾರಿ, ಹರಿಹರ

ಉತ್ತರ: ವೈಭವ ನನಗೂ ಇಷ್ಟ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ನಾಡು ನಮ್ಮದು. ಆದರೆ ಲಂಡನ್ನಿನ ಈ ಎರಡು ಉದಾಹರಣೆ ನಿಮ್ಮ ಸಂಘದವರಿಗೆ ಹೇಳಿ. ಗಾಸ್ತೋ ಲೆರೂ ಬರೆದ 1910ರ ಕಾದಂಬರಿಯಿಂದ ‘ಫ್ಯಾಂಟಮ್ ಆಫ್ ದಿ ಆಪೆರಾ’ 1986ರಲ್ಲಿ ಬಂತು. ಅದರಲ್ಲಿ ಪ್ರೇಕ್ಷಕರ ತಲೆಯ ಮೇಲಿನ ದೊಡ್ಡ ದೀಪಗೊಂಚಲು ಕೆಳಗೆ ಬೀಳುತ್ತದೆ. ಎಲ್ಲರೂ ಅದನ್ನೇ ಹೊಗಳುತ್ತಾರೆ. ಅದು ಬೀಳುವುದು ಗಾಯಕಿಯನ್ನು ಪ್ರೀತಿಸಿ ಸೋತ ಆ ಮುಖವಾಡದ ಫ್ಯಾಂಟಮ್‌ನ ಸಿಟ್ಟಿನಿಂದ, ಅದಕ್ಕೇ ಎದೆ ಝಲ್ಲೆನ್ನುತ್ತದೆ. ನ್ಯೂಯಾರ್ಕ್‌ನಲ್ಲಿ 1988ರಿಂದ 2023ರವರೆಗೆ 13,981 ಪ್ರದರ್ಶನ ಕಂಡಿತು.

ಇನ್ನೊಂದು ‘ಗಾನ್ ವಿತ್ ದಿ ವಿಂಡ್’. ಹೆಸರಾದ ಕಾದಂಬರಿ, ದೊಡ್ಡ ಥಿಯೇಟರ್. ‘ಲೆ ಮಿಸರಾಬ್ಲ್’ ನಿರ್ದೇಶಿಸಿದ ಇಬ್ಬರಲ್ಲಿ ಒಬ್ಬರಾದ ಟ್ರೆವರ್ ನನ್ ಅವರೇ ನಿರ್ದೇಶಕರು. 2008ರಲ್ಲಿ ಶುರುವಾದ ನಾಟಕ ಎರಡು ತಿಂಗಳೊಳಗೆ ನಿಂತುಹೋಯಿತು. ಆರಂಭದ ಪ್ರದರ್ಶನಗಳು ಸುಮಾರು ನಾಲ್ಕು ಗಂಟೆ ಹಿಡಿಯುತ್ತಿದ್ದವು. ಕಾದಂಬರಿಯನ್ನೆಲ್ಲ ಹೇಳಹೊರಟರು, ಹಾಡಿಗೆ ಉಸಿರಾಡಲು ಜಾಗ ಉಳಿಯಲಿಲ್ಲ. ಅಂಥ ಅನುಭವಿಗೇ ಹೀಗಾಗಿದೆ. ನಿಮ್ಮ ಲಕ್ಷಗಳನ್ನು ಸೀನರಿಗೆ ಸುರಿಯುವ ಮುಂಚೆ, ಪೇಟಿ ತಬಲಾ ಮಾತ್ರ ಇಟ್ಟುಕೊಂಡು ಇಡೀ ನಾಟಕವನ್ನು ಊರಿನ ಇಪ್ಪತ್ತು ಜನರ ಮುಂದೆ ಹಾಡಿ ತೋರಿಸಿ. ಅವರು ಎದ್ದು ಹೋಗದಿದ್ದರೆ ದುಡ್ಡು ಹಾಕಿ.

ಪ್ರಶ್ನೆ: ಹಾಡುಗಳನ್ನು ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿ ಟ್ರ್ಯಾಕ್ ಹಾಕಿದರೆ ಸಾಲದೇ?
— ದಾವಣಗೆರೆ, ವಿದ್ಯಾನಗರದಿಂದ

ಉತ್ತರ: ಸಾಲದು. ಕಾಲುಪೇಟಿಯ ಮುಂದೆ ಕೂತವನ ಕಣ್ಣು ನಟನ ಮೇಲಿರುತ್ತದೆ. ಹಾಡು ಎತ್ತುವ ಮುಂಚೆ ಅವನು ಉಸಿರು ಎಳೆದುಕೊಳ್ಳುವಾಗ ಭುಜ ಸ್ವಲ್ಪ ಮೇಲೇಳುತ್ತದೆ. ಅಷ್ಟರಲ್ಲಿ ಶ್ರುತಿ ಕೈಗೆ ಕೊಡಬೇಕು. ಅವನಿಗೆ ಇವತ್ತು ಗಂಟಲು ಕಟ್ಟಿದೆ ಅಂತ ಗೊತ್ತಾದರೆ ಶ್ರುತಿಯನ್ನು ಪೇಟಿಯಲ್ಲಿ ಅರ್ಧ ಮನೆ ಇಳಿಸಿಕೊಡುತ್ತೇವೆ. ಪ್ರೇಕ್ಷಕರು ‘ಒನ್ಸ್ ಮೋರ್’ ಅಂದರೆ ಪಲ್ಲವಿಗೆ ತಿರುಗುತ್ತೇವೆ. ಅಳು ಬಂದು ಅವನು ಸಾಲನ್ನು ಅರ್ಧಕ್ಕೆ ನಿಲ್ಲಿಸಿದರೆ ನಾವು ಅಲ್ಲೇ ಕಾಯುತ್ತೇವೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಕಂಪನಿ ನಾಟಕದ ದೊಡ್ಡ ನಟಿ ಚಿಂದೋಡಿ ಲೀಲಾ ಅವರ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಿ ಅಂತ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಮೂರೇ ವಾದ್ಯ ಇರಲಿ, ಕಣ್ಣೆದುರು ನುಡಿಸಲಿ.

ಪ್ರಶ್ನೆ: ‘ಮಲೆಗಳಲ್ಲಿ ಮದುಮಗಳು’ ರಾತ್ರಿಯಿಡೀ ಆಡಿದರಲ್ಲ, ಅವರು ಏನನ್ನೂ ಬಿಡಲಿಲ್ಲವೇ?
— ಓದುಗರು, ಹೊಸದುರ್ಗ

ಉತ್ತರ: ಅದು 2010ರಲ್ಲಿ ಮೈಸೂರು ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ನಿರ್ದೇಶಿಸಿದ ನಾಟಕ. ಕೆ.ವೈ. ನಾರಾಯಣಸ್ವಾಮಿ ರಂಗರೂಪ, ಹಂಸಲೇಖ ಸಂಗೀತ. ಸುಮಾರು ಒಂಬತ್ತು ಗಂಟೆ, ನಾಲ್ಕು ರಂಗಸ್ಥಳ. ಪ್ರೇಕ್ಷಕರೇ ಒಂದರಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಅವರೂ ಬಿಟ್ಟಿದ್ದಾರೆ, ಆದರೆ ಆ ಕಾದಂಬರಿಯ ಗುಣವೇ ಬೇರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ. ಒಬ್ಬ ನಾಯಕನನ್ನು ಹಿಡಿದು ಎರಡು ಗಂಟೆಗೆ ಇಳಿಸಿದರೆ ಆ ಕಾಡೇ ಮಾಯವಾಗುತ್ತದೆ. ಬೆಳಗಿನವರೆಗೂ ಬಯಲಾಟ ನೋಡಿ ಬೆಳೆದ ಜನಕ್ಕೆ ರಾತ್ರಿಯಿಡೀ ಕೂರುವುದು ಕಷ್ಟವೂ ಅಲ್ಲ. ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವದ ಚಳಿಯಲ್ಲಿ ಕಂಬಳಿ ಹೊದ್ದು ಕೂರುವ ಜನರನ್ನು ನೋಡಿದ್ದೀರಲ್ಲ.

ಪ್ರಶ್ನೆ: ಕಾದಂಬರಿ ಆಡಲು ಯಾರ ಅನುಮತಿ ಬೇಕು?
— ಜಗಳೂರು

ಉತ್ತರ: ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ತ.ರಾ.ಸು. 1984ರಲ್ಲಿ ತೀರಿಕೊಂಡರು, ಹಾಗಾಗಿ 2044 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಕುವೆಂಪು ಕೃತಿಗಳಿಗೆ 2054ರವರೆಗೆ. 1899ರ ‘ಇಂದಿರಾಬಾಯಿ’, 1915ರ ‘ಮಾಡಿದ್ದುಣ್ಣೋ ಮಹಾರಾಯ’ ಇಂಥ ಹಳೆಯ ಪುಸ್ತಕಗಳಿಗೆ ಯಾರನ್ನೂ ಕೇಳಬೇಕಿಲ್ಲ. ಸಿನಿಮಾ ಹಾಡಿನ ಮಟ್ಟು ಎತ್ತಿಕೊಳ್ಳುವುದಾದರೆ ಅದಕ್ಕೂ ಅನುಮತಿ ಬೇಕು, ಕಂಪನಿಯ ಹಳೆ ಕಾಲದ ಹಾಗೆ ಈಗ ನಡೆಯುವುದಿಲ್ಲ. ಪ್ರಕಾಶಕರ ವಿಳಾಸ ಪುಸ್ತಕದಲ್ಲೇ ಇರುತ್ತದೆ. ಅಲ್ಲಿಂದ ಹಕ್ಕುದಾರರ ವಿಳಾಸ ಕೇಳಿ. ಎಷ್ಟು ಪ್ರಯೋಗ, ಎಲ್ಲಿ, ಟಿಕೆಟ್ ಇದೆಯೇ ಇಲ್ಲವೇ, ಎಲ್ಲವನ್ನೂ ಬರೆಯಿರಿ. ಒಪ್ಪಿಗೆ ಕಾಗದದ ಮೇಲೆ ಬರುವವರೆಗೆ ಪೋಸ್ಟರ್ ಅಚ್ಚು ಹಾಕಿಸಬೇಡಿ.