ಸಿಯೋಲ್‌ನಲ್ಲಿ ಕೊರಿಯಾದ ಪಾಪ್ ತಂಡ ಬಿಟಿಎಸ್ ಹಾಡಿದ ಮ್ಯೂಸಿಯಂಗೆ ಟಿಕೆಟ್ ಬೇಕೇ? ಒಳಗೆ ಏನಿದೆ?

ಕಾಯಂ ಪ್ರದರ್ಶನಕ್ಕೆ ಈವರೆಗೂ ಟಿಕೆಟ್ ಇಲ್ಲ. ಕೆಲವು ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ನೀವು ಕೇಳ್ತಿರೋದು ಯೊಂಗ್‌ಸಾನ್‌ನ ಕೊರಿಯಾ ರಾಷ್ಟ್ರೀಯ ವಸ್ತುಸಂಗ್ರಹಾಲಯ. 2020ರಲ್ಲಿ ಯೂಟ್ಯೂಬ್ ಆನ್‌ಲೈನ್‌ನಲ್ಲಿ ನಡೆಸಿದ ಪದವಿ ಸಮಾರಂಭಕ್ಕೆ ಬಿಟಿಎಸ್ ಹಾಡಿ ಕುಣಿದದ್ದು ಇಲ್ಲೇ. ಮೆಟ್ರೊ 4ನೇ ಲೈನಿನ ಇಚೊನ್ ನಿಲ್ದಾಣದಲ್ಲಿ ಇಳಿಯಿರಿ. ಬುಧವಾರ, ಶನಿವಾರ ರಾತ್ರಿ 9ರವರೆಗೂ ತೆರೆದಿರುತ್ತೆ.

ಹೊರಗೆ ಫೋಟೊ ತೆಗೆಸಿಕೊಂಡು ವಾಪಸ್ ಬಂದುಬಿಡಬೇಡಿ, ಮಾರಾಯ್ರೆ. ಒಳಗೆ 1348ರ ಅಮೃತಶಿಲೆಯ ಪಗೋಡ (ಬೌದ್ಧ ಗೋಪುರ) ಇದೆ, 13.5 ಮೀಟರ್ ಎತ್ತರ. ಎರಡನೇ ಮಹಡಿಯಲ್ಲೊಂದು ಮಬ್ಬುಗತ್ತಲ ಕೋಣೆ. ಅಲ್ಲಿ ಎರಡೇ ಎರಡು ಬೋಧಿಸತ್ವ ವಿಗ್ರಹಗಳು: ಒಂದು ಕಾಲನ್ನು ಮಡಚಿ ಇನ್ನೊಂದರ ಮೇಲಿಟ್ಟು, ಬೆರಳನ್ನು ಕೆನ್ನೆಗೆ ತಾಗಿಸಿ, ಏನೋ ಯೋಚಿಸುತ್ತಾ ಕೂತಿವೆ. ಸುತ್ತ ಗಾಜಿಲ್ಲ, ಹಿಂದೆ ಹೋಗಿ ಬೆನ್ನನ್ನೂ ನೋಡಬಹುದು. ಬಿಟಿಎಸ್ ಅಭಿಮಾನಿ ಅಲ್ಲದವರನ್ನು ಜೊತೆಗೆ ಎಳೆದುಕೊಂಡು ಹೋಗಲು ಇದೊಂದು ಕೋಣೆ ಸಾಕು.