ಮೂರನೆಯ ವರ್ಷದ ಸಂಶೋಧನಾರ್ಥಿ ನನ್ನನ್ನು ಕೇಳದೆ ತೀರ್ಮಾನ ಮಾಡುತ್ತಿದ್ದಾಳೆ, ಬಿಗಿ ಮಾಡಲೇ?

ಎರಡು ವರ್ಷ ವಾರ ತಪ್ಪದೆ ಬಂದು ವರದಿ ಒಪ್ಪಿಸುತ್ತಿದ್ದ ವಿದ್ಯಾರ್ಥಿನಿ ಈಗ ನಿಮಗೆ ಹೇಳದೆಯೇ ಅಧ್ಯಾಯಗಳ ಕ್ರಮ ಬದಲಿಸಿದ್ದಾಳೆ ಎಂದು ಬರೆದಿದ್ದೀರಿ. ನನಗಾದರೆ ಇದು ಸಂತೋಷದ ಸುದ್ದಿ. ಮೂರನೆಯ ವರ್ಷದಲ್ಲೂ "ಮುಂದೇನು ಮಾಡಲಿ ಸರ್" ಎಂದು ಬಾಗಿಲಲ್ಲಿ ನಿಲ್ಲುವವರನ್ನು ಕಂಡರೇ ನನಗೆ ಹೆಚ್ಚು ದಿಗಿಲು.

ನಾನು ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಮಾರ್ಗದರ್ಶಕ. ಮೊದಲ ವರ್ಷ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಮೆತ್ತಿ ಪಡಿಯಚ್ಚು ತೆಗೆಯುವವರೆಗೂ ಜೊತೆಗಿರುತ್ತೇನೆ. ಒಬ್ಬ ಹುಡುಗ ಮೂರನೆಯ ವರ್ಷದಲ್ಲಿ ಒಂದು ವೀರಗಲ್ಲಿನ ಪಡಿಯಚ್ಚನ್ನು ನನ್ನ ಮೇಜಿನ ಮೇಲೆ ಹರಡಿ, "ಸರ್, ನೀವು 'ಮ' ಎಂದು ಓದಿದ್ದು 'ವ' ಇರಬೇಕು" ಎಂದ. ಹಿಂದೆಯೇ ನಾನು ಅಚ್ಚು ಹಾಕಿಸಿದ್ದ ಪಾಠ ಅದು! ಭೂತಗನ್ನಡಿ ಹಿಡಿದು ಅರ್ಧ ಗಂಟೆ ವಾದಿಸಿದೆ, ಸೋತೆ. ಕಾಳಗದಲ್ಲಿ ಸತ್ತವನ ಹೆಸರೇ ಬೇರೆಯಾಯಿತು. ಇನ್ನು ಮೇಲೆ ಪಾಠನಿರ್ಣಯ, ಅಂದರೆ ಕಲ್ಲಿನ ಮೇಲಿರುವುದು ಏನೆಂದು ಓದಿ ತೀರ್ಮಾನಿಸುವುದು, ನಿನ್ನದೇ ಎಂದು ಅವನಿಗೆ ಬಾಯಿಬಿಟ್ಟು ಹೇಳಿದೆ. ಬರವಣಿಗೆಯಲ್ಲಿ ಮಾತ್ರ ಅವನಿನ್ನೂ ಎಳಸು. ಕರಡಿನ ಮೇಲೆ ಕೆಂಪು ಶಾಯಿ ಮೊದಲಿನಷ್ಟೇ ಬೀಳುತ್ತಿತ್ತು.

ಒಂದರಲ್ಲಿ ಪಳಗಿದವರು ಇನ್ನೊಂದರಲ್ಲಿ ಎಳಸಾಗಿರಬಹುದು ಎಂಬ ಈ ವ್ಯತ್ಯಾಸ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಅದಕ್ಕೂ ಮೊದಲು ವಿಚಾರಗೋಷ್ಠಿಗಳಲ್ಲಿ ಚೆನ್ನಾಗಿ ಮಾತನಾಡುತ್ತಿದ್ದ ಒಬ್ಬಳನ್ನು ಎಲ್ಲದಕ್ಕೂ ಸಿದ್ಧಳೆಂದು ನಂಬಿ ಭೇಟಿಗಳನ್ನೇ ನಿಲ್ಲಿಸಿದ್ದೆ. ಐದು ತಿಂಗಳು ಸುಳಿವಿಲ್ಲ. ಬಂದಾಗ ಕೈಯಲ್ಲಿ ಒಂದು ಪುಟವೂ ಇರಲಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೇನೆಂದು ಹೇಳಲು ಸಂಕೋಚವಾಗಿತ್ತಂತೆ. ನಾನು ಸ್ವಾತಂತ್ರ್ಯ ಕೊಟ್ಟೆ ಎಂದುಕೊಂಡಿದ್ದೆ, ಅವಳ ಪಾಲಿಗೆ ಅದು ಕೈಬಿಟ್ಟಂತೆ.

ಹಾಗಾಗಿ ಒಮ್ಮೆ ಎದುರು ಕೂತು, ಯಾವುದು ಅವಳ ತೀರ್ಮಾನ, ಯಾವುದಕ್ಕೆ ನಿಮ್ಮ ಒಪ್ಪಿಗೆ ಬೇಕು ಎಂದು ಇತ್ಯರ್ಥ ಮಾಡಿಕೊಳ್ಳಿ. ಅಧ್ಯಾಯಗಳ ಕ್ರಮ ಅವಳಿಗೇ ಇರಲಿ. ಏಕೆ ಬದಲಿಸಿದಳೆಂದು ಒಂದು ಪುಟ ಬರೆದು ತಂದರೆ ಸಾಕು. ವಿಷಯದ ವ್ಯಾಪ್ತಿಯನ್ನೇ ಬದಲಿಸುವುದಾದರೆ ಮಾತ್ರ ಕೇಳಲೇಬೇಕು. ವಾರದ ಭೇಟಿ ತಿಂಗಳಿಗೊಮ್ಮೆಯಾಗಲಿ, ದಿನ ಮಾತ್ರ ಗೊತ್ತುಮಾಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಅವಳು ಪ್ರಗತಿ ಮಂಡಿಸಬೇಕಲ್ಲ, ಅಲ್ಲಿ ಅವಳ ಪರವಾಗಿ ನೀವು ಉತ್ತರಿಸುವುದನ್ನು ಬಿಡಿ (ನನಗೆ ಈಗಲೂ ನಾಲಿಗೆ ತುರಿಸುತ್ತದೆ). ಮಹಾಪ್ರಬಂಧ ಒಪ್ಪಿಸುವ ಕಾಲಕ್ಕೆ ಮತ್ತೆ ವಾರವಾರ ಕೂರಬೇಕಾಗಬಹುದು, ಅದಕ್ಕೂ ಸಿದ್ಧರಿರಿ.

ಆ ಹುಡುಗ ತನ್ನ ಮಹಾಪ್ರಬಂಧದ ಒಂದು ಅಡಿಟಿಪ್ಪಣಿಯಲ್ಲಿ ನನ್ನ ಓದು ತಪ್ಪೆಂದು ಹೆಸರು ಹಿಡಿದೇ ಬರೆದ. ವಾಕ್ಯದ ವ್ಯಾಕರಣ ಕೆಟ್ಟಿತ್ತು. ಅದನ್ನಷ್ಟೇ ತಿದ್ದಿ ಕೊಟ್ಟೆ.