‘ಅಡ್ಮಿನ್’ ಅಂದರೆ ಸಾಕು, ಬಾಗಿಲು ತೆರೆಯುತ್ತೆ

ಪ್ರಶ್ನೆ: ಸಾರ್, ನಾನು ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಿ ಎರಡು ವರ್ಷವಾಯಿತು. ಕೇಬಲ್ ಹುಡುಗ ನನ್ನ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿಕೊಟ್ಟಿದ್ದ. ಕಳೆದ ತಿಂಗಳು ಅವನ ಕೈಯಲ್ಲೇ ಬದಲಾಯಿಸಿಕೊಂಡೆ. ಈಗ ಪುಣೆಯಲ್ಲಿರುವ ಮಗ ‘ರೂಟರ್ ಪಾಸ್‌ವರ್ಡ್ ಬದಲಾಯಿಸಿದೆಯಾ ಅಮ್ಮ?’ ಅಂತಾನೆ. ಹೂಂ ಅಂದರೆ ‘ಅದಲ್ಲ, ಇನ್ನೊಂದು’ ಅಂತಾನೆ. ಒಂದು ಡಬ್ಬಿಗೆ ಎಷ್ಟು ಪಾಸ್‌ವರ್ಡ್ ಇರುತ್ತೆ?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಎರಡು, ಟೀಚರ್. ನಿಮ್ಮ ಮಗ ಸರಿಯಾಗಿಯೇ ಕೇಳುತ್ತಿದ್ದಾನೆ. ಬಿಡಿಸಿ ಹೇಳುವ ತಾಳ್ಮೆ ಮಾತ್ರ ಇಲ್ಲ. ನನ್ನ ಮಗಳಿಗೂ ಇಲ್ಲ.

ನೀವು ಬದಲಾಯಿಸಿದ್ದು ವೈಫೈ ಪಾಸ್‌ವರ್ಡ್. ಮನೆಗೆ ಬಂದ ನೆಂಟರು ಚಹಾಕ್ಕಿಂತ ಮೊದಲು ಕೇಳುತ್ತಾರಲ್ಲ, ಅದು. ಇನ್ನೊಂದು ರೂಟರ್‌ನ ಸೆಟ್ಟಿಂಗ್ ಪುಟ ತೆರೆಯುವ ಪಾಸ್‌ವರ್ಡ್. ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಬದಲಾಯಿಸುವುದೂ ಇಲ್ಲ. ಕಂಪನಿಯವರು ಹಾಕಿ ಕಳಿಸಿದ್ದೇ ಇರುತ್ತೆ. ಹಳೆಯ ಡಬ್ಬಿಗಳಲ್ಲಿ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ಡೂ ‘ಅಡ್ಮಿನ್’. ಯಾವ ಮಾಡೆಲ್‌ಗೆ ಯಾವ ಪಾಸ್‌ವರ್ಡ್ ಅನ್ನುವ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತೆ.

ಆ ಪುಟ ತೆರೆದವರಿಗೆ ಏನು ಸಿಗುತ್ತೆ ಅಂತ ಕೇಳ್ತೀರಾ? ನನ್ನ ಗೆಳೆಯನೊಬ್ಬನ ಜೆರಾಕ್ಸ್ ಅಂಗಡಿಯಲ್ಲಿ ನೋಡಿದ್ದು ಹೇಳುತ್ತೇನೆ. ಅವನ ಫೋನಿನಲ್ಲಿ ಯಾವ ಪುಟ ತೆರೆದರೂ ರಮ್ಮಿ ಆಟದ ಜಾಹೀರಾತು. ವೈರಸ್ ಅಂದುಕೊಂಡು ಫೋನನ್ನು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದ. ನಾನು ಹೋದಾಗ ನನ್ನ ಫೋನಿನಲ್ಲೂ ಅದೇ ರಮ್ಮಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದೆ, ಮಾಯ! ಅಂದರೆ ಕಾಯಿಲೆ ಫೋನಿಗಲ್ಲ, ಡಬ್ಬಿಗೆ. ಬ್ರೌಸರಿನಲ್ಲಿ ಡಬ್ಬಿಯ ವಿಳಾಸ 192.168.1.1 ಅಂತ ಹೊಡೆದು, ಅಡ್ಮಿನ್, ಅಡ್ಮಿನ್ ಅಂತ ಹಾಕಿದೆ. ತೆರೆದೇಬಿಟ್ಟಿತು. ಒಳಗೆ ಡಿಎನ್‌ಎಸ್ ಅನ್ನುವ ಜಾಗದಲ್ಲಿ ಅವನೂ ಹಾಕದ, ಕೇಬಲ್‌ನವರೂ ಹಾಕದ ಎರಡು ನಂಬರ್ ಕೂತಿದ್ದವು.

ಡಿಎನ್‌ಎಸ್ ಅಂದರೆ ದಾರಿ ಹೇಳುವವನು. ನೀವು ಬ್ಯಾಂಕಿನ ಹೆಸರು ಟೈಪ್ ಮಾಡಿದರೆ, ಅದು ಇಂಥ ನಂಬರಿನ ಕಂಪ್ಯೂಟರ್ ಅಂತ ಹೇಳುವುದು ಅವನೇ. ಊರ ಕ್ರಾಸಿನಲ್ಲಿ ಯಾರೋ ರಾತ್ರಿ ಬೋರ್ಡು ತಿರುಗಿಸಿಟ್ಟರೆ ಏನಾಗುತ್ತೆ? ಹೊಸಬರು ಬೋರ್ಡು ನಂಬಿ ಬೇರೆ ಊರಿಗೇ ಹೋಗುತ್ತಾರೆ. ಇದೂ ಹಾಗೇ. ಗೆಳೆಯನ ಪುಣ್ಯ, ರಮ್ಮಿಗೇ ನಿಂತಿತು. ಬ್ಯಾಂಕಿನ ಹಾಗೇ ಕಾಣುವ ಕಳ್ಳಪುಟಕ್ಕೂ ಕಳಿಸಬಹುದಿತ್ತು. ಇನ್ನೊಂದು ಮಾತು: ಆ ಪುಟದಲ್ಲಿ ನಿಮ್ಮ ಹೊಸ ವೈಫೈ ಪಾಸ್‌ವರ್ಡ್ಡೂ ಇರುತ್ತೆ. ನೋಡಬಹುದು, ಬದಲಾಯಿಸಲೂಬಹುದು.

‘ನನ್ನ ಮನೆ ಡಬ್ಬಿ ಯಾರಿಗೆ ಬೇಕು’ ಅಂತ ಅನ್ನಬೇಡಿ. 2016ರಲ್ಲಿ ‘ಮಿರೈ’ ಅಂತ ಒಂದು ಪ್ರೋಗ್ರಾಂ ಬಂತು. ಅದರ ಹತ್ತಿರ ಇದ್ದದ್ದು ಸುಮಾರು 60 ಜೋಡಿ ಹೆಸರು–ಪಾಸ್‌ವರ್ಡ್, ಎಲ್ಲಾ ಕಂಪನಿಯಿಂದ ಬಂದಂಥವೇ. ಕಂಡಕಂಡ ರೂಟರ್, ಸಿಸಿ ಕ್ಯಾಮೆರಾಗಳ ಮೇಲೆ ಒಂದೊಂದಾಗಿ ಹಾಕಿ ನೋಡುತ್ತಿತ್ತು. ತೆರೆದವನ್ನೆಲ್ಲ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿತ್ತು. ಅದೇ ವರ್ಷ ಅಕ್ಟೋಬರ್ 21ರಂದು ಇಂಥ ಡಬ್ಬಿಗಳು ಸೇರಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ತೆರೆಯದಂತೆ ಮಾಡಿದವು. ಮಿರೈ ಬರೆದವರು ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು! ಡಬ್ಬಿಗಳ ಯಜಮಾನರಿಗೆ ಏನೂ ಗೊತ್ತೇ ಆಗಿರಲಿಲ್ಲ.

ಈಗ ಕೆಲಸ. ಫೋನ್ ವೈಫೈಯಲ್ಲೇ ಇರಲಿ. ರೂಟರ್ ಎತ್ತಿ ತಳ ನೋಡಿ, ಸ್ಟಿಕ್ಕರ್ ಇರುತ್ತೆ. (ಮೊದಲು ಧೂಳು ಒರೆಸಿ. ನಮ್ಮನೆಯಲ್ಲಿ ಹಲ್ಲಿ ಮೊಟ್ಟೆಯೂ ಸಿಕ್ಕಿತ್ತು.) ಅದರಲ್ಲಿರುವ ನಂಬರನ್ನು, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಬ್ರೌಸರಿನಲ್ಲಿ ಹೊಡೆಯಿರಿ. ‘ಈ ಪುಟ ಸುರಕ್ಷಿತವಲ್ಲ’ ಅಂತ ಫೋನು ಹೆದರಿಸಬಹುದು. ನೀವು ಹೋಗುತ್ತಿರುವುದು ನಿಮ್ಮ ಮನೆಯ ಡಬ್ಬಿಗೇ, ಮುಂದುವರಿಯಿರಿ. ಸ್ಟಿಕ್ಕರಿನ ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಹೋದ ಮೇಲೆ ‘ಮ್ಯಾನೇಜ್‌ಮೆಂಟ್’ ಅಥವಾ ‘ಸಿಸ್ಟಮ್ ಟೂಲ್ಸ್’ ಅನ್ನುವ ಕಡೆ ಪಾಸ್‌ವರ್ಡ್ ಬದಲಾಯಿಸುವ ಜಾಗ ಇರುತ್ತೆ. ಕೆಲವು ಡಬ್ಬಿಗಳಲ್ಲಿ ದೊಡ್ಡ ಬೀಗದ ಕೈ ಕೇಬಲ್‌ನವರ ಹತ್ತಿರವೇ ಇರುತ್ತೆ, ನಿಮಗೆ ಬಿಡುವುದಿಲ್ಲ. ಆಗ ಹುಡುಗನನ್ನು ಕರೆಸಿ, ಎದುರಿಗೆ ಕೂತು ಮಾಡಿಸಿ.

ಹೊಸ ಪಾಸ್‌ವರ್ಡ್ ಏನಿಡೋದು? ಮೊಬೈಲ್ ನಂಬರ್ ಬೇಡವೇ ಬೇಡ. ಊರಿಗೆಲ್ಲ ಗೊತ್ತಿರುತ್ತೆ, ಗೊತ್ತಿಲ್ಲದವನೂ ಒಳ್ಳೆಯ ಕಂಪ್ಯೂಟರ್ ಇದ್ದರೆ ಕೆಲವು ಗಂಟೆಗಳಲ್ಲಿ ಎಲ್ಲಾ ನಂಬರ್ ಹಾಕಿ ನೋಡಬಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ತೆಗೆದುಕೊಳ್ಳಿ: ಕೊಡಪಾನ, ಇಬ್ಬನಿ, ಸೈಕಲ್, ಹಪ್ಪಳ. ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ಇದನ್ನೇ ಇಡಬೇಡಿ ಮತ್ತೆ, ಪತ್ರಿಕೆಯಲ್ಲಿ ಅಚ್ಚಾಗಿದೆ! ಬೆಣ್ಣೆದೋಸೆಯೂ ಬೇಡ, ದಾವಣಗೆರೆ ಅಂದ ಕೂಡಲೇ ಯಾರಿಗಾದರೂ ಹೊಳೆಯುತ್ತೆ. ವೈಫೈಗೆ ಒಂದು, ಡಬ್ಬಿಗೆ ಬೇರೆ. ಎರಡನ್ನೂ ಚೀಟಿಯಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಫೈಲಿನಲ್ಲಿಡಿ. ಬರೆದಿಡಬಾರದು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಿಮ್ಮ ಫೈಲಿಗೆ ಬೇರೆ ದೇಶದಿಂದ ಯಾರೂ ಕೈ ಹಾಕಲಾರರು.

ಒಳಗೆ ಹೋದಾಗಲೇ ‘ರಿಮೋಟ್ ಮ್ಯಾನೇಜ್‌ಮೆಂಟ್’ (ಹೊರಗಿನಿಂದಲೇ ಈ ಪುಟ ತೆರೆಯುವ ಸೌಲಭ್ಯ) ಆನ್ ಇದ್ದರೆ, ಯಾಕೆ ಅಂತ ಕೇಬಲ್‌ನವರನ್ನು ಕೇಳಿ ಆಫ್ ಮಾಡಿಸಿ. ‘ಡಬ್ಲ್ಯುಪಿಎಸ್’ (ಪಾಸ್‌ವರ್ಡ್ ಹಾಕದೆ ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರುವ ಸೌಲಭ್ಯ) ಕೂಡ ಆಫ್. ಅದರ ಪಿನ್ ಎಂಟು ಅಂಕಿಯದು. ಆದರೆ ಡಬ್ಬಿ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತೆ. ಇದು 2011ರಲ್ಲೇ ಬಯಲಾದ ದೋಷ.

ಒಂದು ಎಚ್ಚರಿಕೆ. ಹೊಸ ಪಾಸ್‌ವರ್ಡ್ ಮರೆತರೆ ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಅಂತ ಎಲ್ಲರೂ ಹೇಳುತ್ತಾರೆ. ಸುಮ್ನೆ ಒತ್ತಬೇಡಿ. ಪಾಸ್‌ವರ್ಡ್ ಜೊತೆಗೆ ಕೇಬಲ್‌ನವರು ತುಂಬಿಸಿಟ್ಟ ಕನೆಕ್ಷನ್ ಐಡಿಯೂ ಅಳಿಸಿಹೋಗಬಹುದು. ಹೀಗೆ ಮಾಡಿ ನಾನು ಒಂದು ಭಾನುವಾರ ಪೂರ್ತಿ ಇಂಟರ್‌ನೆಟ್ ಇಲ್ಲದೆ ಕೂತಿದ್ದೆ. ಅವತ್ತು ಕ್ರಿಕೆಟ್ ಬೇರೆ. ಮನೆಯವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಪ್ರಶ್ನೆ: ವೈಫೈ ಹೆಸರು ಯಾರಿಗೂ ಕಾಣದ ಹಾಗೆ ಹೈಡ್ ಮಾಡಿದ್ದೇನೆ. ಪಾಸ್‌ವರ್ಡ್ ಸುಲಭದ್ದೇ ಇದ್ದರೆ ನಡೆಯುತ್ತಾ?
– ಪಿಯುಸಿ ವಿದ್ಯಾರ್ಥಿ, ಹೊನ್ನಾವರ

ಉತ್ತರ: ನಡೆಯಲ್ಲ ಕಣಪ್ಪಾ. ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೇ, ಗಾಳಿಯಲ್ಲಿ ಹೋಗುವುದನ್ನು ಕೇಳಿಸಿಕೊಳ್ಳುವ ಪ್ರೋಗ್ರಾಂ ಇದ್ದವನಿಗೆ ಕಂಡೇ ಕಾಣುತ್ತೆ. ಅದೂ ಅಲ್ಲದೆ ಹೆಸರು ಅಡಗಿಸಿಟ್ಟರೆ ನಿನ್ನ ಫೋನು ಹೋದಲ್ಲೆಲ್ಲ ‘ಇಂಥ ವೈಫೈ ಇಲ್ಲಿದೆಯಾ?’ ಅಂತ ಹೆಸರು ಹಿಡಿದು ಕೂಗಬೇಕಾಗುತ್ತೆ, ಬಸ್‌ಸ್ಟ್ಯಾಂಡಿನಲ್ಲೂ. ಹೈಡ್ ತೆಗೆದುಬಿಡು. ಪಾಸ್‌ವರ್ಡ್ ಉದ್ದ ಮಾಡು. ಸೆಕ್ಯುರಿಟಿ ಅನ್ನುವಲ್ಲಿ ವೈಫೈಗೆ ಬೀಗ ಹಾಕುವ ಹೊಸ ವಿಧಾನ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಅದರ ಹಿಂದಿನ ಡಬ್ಲ್ಯುಪಿಎ2. ಆಮೇಲೆ ಮೇಲಿನ ಟೀಚರ್‌ಗೆ ಹೇಳಿದ್ದನ್ನೂ ಓದು, ಡಬ್ಬಿಯ ತಳದ ಸ್ಟಿಕ್ಕರ್ ನೀನೂ ನೋಡಿರಲಿಕ್ಕಿಲ್ಲ.